ಅಣ್ವಸ್ತ್ರ ಇರೋ ಎರಡು ದೇಶ ನೇರ ಯುದ್ಧಕ್ಕಿಳಿದರೆ ಎಲ್ಲಿ ಕೈ ಮೀರುತ್ತೆ? ರತ್ನಹಳ್ಳಿ ಸುತ್ತಲಿನವರು ಏನು ತಿಳಿದಿರಬೇಕು?

ಇಲವಾಲ ಕಡೆಯವ

ಎಲ್ಲರಿಗೂ ನಮಸ್ಕಾರ. 2025ರ ಮೇ 7ರಿಂದ 10ರವರೆಗೆ ಭಾರತ, ಪಾಕಿಸ್ತಾನ ಎರಡೂ ಗಡಿಯಾಚೆ ಕ್ಷಿಪಣಿ, ಡ್ರೋನ್ ಹಾರಿಸಿದವು. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ 2025ರ ಅಂದಾಜಿನಲ್ಲಿ ಎರಡರ ಹತ್ತಿರವೂ ತಲಾ 170–180 ಅಣು ಸಿಡಿತಲೆ ಇದ್ದವು. ಬಾಂಬ್ ಇದ್ದವರು ಪೂರ್ತಿ ಯುದ್ಧಕ್ಕೆ ಹೋಗಲ್ಲ, ಹೆದರಿಕೆಯೇ ಕಾವಲು ಅನ್ನೋ ವಾದ ಗೊತ್ತು. ಆದರೆ ಇಬ್ಬರಿಗೂ ಮನಸ್ಸಿಲ್ಲದಿದ್ದರೂ ಅಲ್ಲಿಗೆ ಹೋಗಿ ಮುಟ್ಟೋದು ಯಾವ ದಾರಿಯಲ್ಲಿ? ಇನ್ನೊಂದು ವಿಷಯ: ಮೈಸೂರು ಹತ್ತಿರದ ರತ್ನಹಳ್ಳಿಯ ರೇರ್ ಮೆಟೀರಿಯಲ್ಸ್ ಪ್ಲಾಂಟ್ (ಯುರೇನಿಯಂ ಸಂವರ್ಧನೆ, ಅಂದ್ರೆ ಸತ್ವ ಹೆಚ್ಚಿಸೋ ಘಟಕ) ಮೇಲೆ ಸಾಮಾನ್ಯ ಕ್ಷಿಪಣಿ ಬಿದ್ದರೂ ಇಲವಾಲ, ಹೂಟಗಳ್ಳಿ, ಕೆಆರ್‌ಎಸ್ ಕಡೆಯವರ ಗತಿ ಏನು? ಅಯೋಡಿನ್ ಮಾತ್ರೆ ತಂದಿಟ್ಟುಕೊಳ್ಳಿ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಸರಿಯಾ?

ಸರಸ್ವತಿಪುರಂ ಓದುಗ

ಮೊದಲನೇ ಪ್ರಶ್ನೆಗೆ ಹೇಳ್ತೀನಿ ಸಾರ್. ಎಲ್ಲರೂ ಬಾಂಬಿನ ಸಂಖ್ಯೆ ಎಣಿಸ್ತಾರೆ. ನೋಡಬೇಕಾದ್ದು ನಿಮಿಷಗಳನ್ನ. ಅಮೆರಿಕ–ರಷ್ಯಾ ನಡುವೆ ಖಂಡಾಂತರ ಕ್ಷಿಪಣಿಗೆ ಸುಮಾರು 30 ನಿಮಿಷ ಬೇಕು. ಭಾರತ–ಪಾಕ್ ನಡುವೆ ಎಷ್ಟೋ ಗುರಿಗಳಿಗೆ ಹತ್ತು ನಿಮಿಷವೂ ಬೇಡ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಅಂತ ತೋರಿಸಿತು. ಮೋಡದ ಮೇಲೆ ಬಿದ್ದ ಬಿಸಿಲೇ ಹಾಗೆ ಕಂಡಿತ್ತು. ಕರ್ತವ್ಯದಲ್ಲಿದ್ದ ಸ್ತಾನಿಸ್ಲಾವ್ ಪೆತ್ರೋವ್, ನಿಜವಾದ ದಾಳಿಯಾದರೆ ಬರೀ ಐದೇ ಕಳಿಸಲ್ಲ ಅಂತ ತರ್ಕಿಸಿ, ಸುಳ್ಳು ಎಚ್ಚರಿಕೆ ಅಂತ ವರದಿ ಮಾಡಿದರು. ನೆಲದ ರಾಡಾರ್‌ನಲ್ಲೂ ಏನೂ ಕಾಣಲಿಲ್ಲ. ಹಾಗೆ ಕಾದು ನೋಡಲು ಅವರಿಗೆ ಸಮಯ ಇತ್ತು. ನಮ್ಮ ಉಪಖಂಡದಲ್ಲಿ ಅದೇ ಇಲ್ಲ.

2022ರ ಮಾರ್ಚ್ 9ರಂದು ನಮ್ಮ ಕಡೆಯಿಂದ ಒಂದು ಬ್ರಹ್ಮೋಸ್ ಕ್ಷಿಪಣಿ ಅಚಾತುರ್ಯದಿಂದ ಹಾರಿ, ಪಾಕಿಸ್ತಾನದೊಳಗೆ 124 ಕಿ.ಮೀ. ಹೋಗಿ ಮಿಯಾಂ ಚನ್ನು ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಜೀವಹಾನಿ ಆಗಲಿಲ್ಲ. ಅದೊಂದು ಅಪಘಾತ ಅಂತ ಭಾರತ ಹೇಳಿದ್ದು 11ನೇ ತಾರೀಖು. ವಾಯುಪಡೆಯ ಮೂವರು ಅಧಿಕಾರಿಗಳನ್ನ ಆಗಸ್ಟ್‌ನಲ್ಲಿ ವಜಾ ಮಾಡಿದರು. ಗಮನಿಸಬೇಕಾದ ಅಂಶ ಏನಂದ್ರೆ, ಎರಡೂ ದೇಶಗಳ ನಡುವಿನ 2005ರ ಪೂರ್ವಸೂಚನೆ ಒಪ್ಪಂದ ಬ್ಯಾಲಿಸ್ಟಿಕ್ (ಮೇಲಕ್ಕೆ ಹಾರಿ ಕಮಾನಿನಂತೆ ಬೀಳೋ) ಕ್ಷಿಪಣಿ ಪರೀಕ್ಷೆಗೆ ಮಾತ್ರ. ಬ್ರಹ್ಮೋಸ್ ವಿಮಾನದಂತೆ ಹಾರೋ ಕ್ರೂಸ್ ಕ್ಷಿಪಣಿ. 2007ರ ಅಪಘಾತ ಒಪ್ಪಂದ ಅಣ್ವಸ್ತ್ರಗಳಿಗೆ ಮಾತ್ರ. ಸಾಮಾನ್ಯ ಕ್ಷಿಪಣಿ ದಾರಿ ತಪ್ಪಿದರೆ ಯಾರು ಯಾರಿಗೆ ಎಷ್ಟು ಹೊತ್ತಿನಲ್ಲಿ ಫೋನ್ ಮಾಡಬೇಕು ಅನ್ನೋದು ಈ ಎರಡು ಒಪ್ಪಂದಗಳಲ್ಲೂ ಇಲ್ಲ. 2022ರ ಮಾರ್ಚ್ 9ರ ಬದಲು 2025ರ ಮೇ 9ರಂದು ಅದು ಹಾರಿದ್ದರೆ? ಆ ಹೊತ್ತಿನಲ್ಲಿ ರಾಡಾರ್ ಮುಂದೆ ಕೂತವರು ಅದನ್ನ ಅಪಘಾತ ಅಂತ ಓದೋದಕ್ಕೆ ಕಾರಣವೇ ಇರಲಿಲ್ಲ.

ಎರಡನೇ ಅಪಾಯ ಗುರಿಗಳು ಒಂದರ ಪಕ್ಕ ಒಂದಿರೋದು. ಮೇ 10ರ ನಸುಕಿನಲ್ಲಿ ರಾವಲ್ಪಿಂಡಿಯ ನೂರ್ ಖಾನ್ ವಾಯುನೆಲೆಗೆ ಏಟು ಬಿತ್ತು. ಪಾಕಿಸ್ತಾನದ ಅಣ್ವಸ್ತ್ರಗಳ ಉಸ್ತುವಾರಿ ನೋಡುವ ಸ್ಟ್ರಾಟೆಜಿಕ್ ಪ್ಲಾನ್ಸ್ ಡಿವಿಷನ್‌ನ ಕಚೇರಿ ಅಲ್ಲೇ ಹತ್ತಿರದಲ್ಲಿದೆ. ಹೊಡೆದವರಿಗೆ ಅದು ಬರೀ ವಾಯುನೆಲೆ. ಏಟು ತಿಂದವರಿಗೆ "ನಮ್ಮ ಅಣ್ವಸ್ತ್ರಕ್ಕೇ ಕೈ ಹಾಕಿದರಾ" ಅನ್ನೋ ಅನುಮಾನ. ಅದೇ ದಿನ ಅಣ್ವಸ್ತ್ರದ ತೀರ್ಮಾನ ತೆಗೆದುಕೊಳ್ಳೋ ಅಲ್ಲಿನ ನ್ಯಾಷನಲ್ ಕಮಾಂಡ್ ಅಥಾರಿಟಿ ಸಭೆ ಕರೆದಿದ್ದಾರೆ ಅಂತ ಸುದ್ದಿ ಬಂತು. ಆಮೇಲೆ ಅವರ ರಕ್ಷಣಾ ಸಚಿವರು ಅಂಥ ಸಭೆ ಇಲ್ಲ ಅಂದರು.

ಮದ್ದೂರು ಹೊಳೆದಂಡೆ

ಒಪ್ತೀನಿ, ಆದರೆ ಚಿತ್ರ ಪೂರ್ತಿ ಅಲ್ಲ. 1969ರಲ್ಲಿ ಉಸ್ಸೂರಿ ನದಿಯ ದ್ವೀಪಕ್ಕಾಗಿ ಸೋವಿಯತ್, ಚೀನಾ ಸೈನಿಕರು ಬಡಿದಾಡಿದರು. 1999ರಲ್ಲಿ ಕಾರ್ಗಿಲ್ ಆಯ್ತು. ಎರಡೂ ನಿಂತವು. ಅಂದ್ರೆ ಹೆದರಿಕೆಯ ತಡೆ ಕೆಲಸ ಮಾಡುತ್ತೆ.

ಸರಸ್ವತಿಪುರಂ ಓದುಗ

ಮಾಡುತ್ತೆ ಸಾರ್, ಯಾರಾದರೂ ಕೂತು ಮಿತಿ ಹಾಕಿಕೊಂಡಾಗ. ಕಾರ್ಗಿಲ್‌ನಲ್ಲಿ ವಾಯುಪಡೆಗೆ ನಿಯಂತ್ರಣ ರೇಖೆ ದಾಟಬಾರದು ಅಂತ ಖಡಾಖಂಡಿತ ಆದೇಶ ಇತ್ತು. ಬೆಟ್ಟದ ನೆತ್ತಿಯ ಗುರಿಗೆ ಬಾಂಬ್ ಹಾಕೋ ಪೈಲಟ್‌ಗಳಿಗೆ ಅದರಿಂದ ದಾಳಿಗೆ ಬರುವ ದಿಕ್ಕೇ ಕಮ್ಮಿಯಾಯ್ತು. ಆ ಕಷ್ಟವನ್ನ ತಿಳಿದೂ ತಿಳಿದೂ ಹೊತ್ತುಕೊಂಡರು. 2019ರಲ್ಲಿ ಬಾಲಾಕೋಟ್, 2025ರಲ್ಲಿ ಪಾಕ್ ಪಂಜಾಬಿನ ಒಳಗಿನ ಗುರಿಗಳು. ಪ್ರತಿ ಸಲ ಹಿಂದಿನ ಗೆರೆ ದಾಟಿದ ಮೇಲೆ ಹೊಸದು ಶುರುವಾಗುತ್ತೆ. ಗಡಿಬಿಡಿಯಲ್ಲಿ ತಪ್ಪು ಹೇಗಾಗುತ್ತೆ ಅನ್ನೋದಕ್ಕೆ 2019ರ ಫೆಬ್ರವರಿ 27 ಸಾಕು: ಬಡ್ಗಾಮ್‌ನಲ್ಲಿ ನಮ್ಮದೇ ಎಂಐ-17 ಹೆಲಿಕಾಪ್ಟರ್‌ಗೆ ನಮ್ಮದೇ ಕ್ಷಿಪಣಿ ಬಡಿದು ವಾಯುಪಡೆಯ ಆರು ಜನ, ಕೆಳಗಿದ್ದ ಒಬ್ಬ ನಾಗರಿಕ ತೀರಿಕೊಂಡರು.

ಮೂರನೇ ಅಪಾಯ ನಡುವೆ ಮೆಟ್ಟಿಲೇ ಇಲ್ಲದಿರೋದು. ಪಾಕಿಸ್ತಾನದ ನಸ್ರ್ ಅಣು ಕ್ಷಿಪಣಿಯ ವ್ಯಾಪ್ತಿ ಸುಮಾರು 60 ಕಿ.ಮೀ., ರಣರಂಗದಲ್ಲಿ ಟ್ಯಾಂಕ್ ಪಡೆ ತಡೆಯೋಕೆ ಅಂತ ಮಾಡಿದ್ದು. ಭಾರತದ 2003ರ ಅಣ್ವಸ್ತ್ರ ನೀತಿ ಮೊದಲು ಬಳಸಲ್ಲ ಅನ್ನುತ್ತೆ, ಆದರೆ ನಮ್ಮ ಪಡೆಯ ಮೇಲೆ ಎಲ್ಲೇ ಬಳಸಿದರೂ ಉತ್ತರ ಭಾರಿ ಪ್ರಮಾಣದ್ದು ಅಂತಲೂ ಹೇಳುತ್ತೆ. ಒಂದು ಸಣ್ಣ ಸಿಡಿತಲೆಗೂ ನಗರಗಳ ನಾಶಕ್ಕೂ ನಡುವೆ ನಿಲ್ಲೋಕೆ ನೀತಿಯಲ್ಲಿ ಜಾಗ ಇಲ್ಲ. ನನಗೆ ಅತಿ ಹೆಚ್ಚು ಭಯ ಇರೋದು ಇಲ್ಲೇ. ಮೇ 10ರ ಮಧ್ಯಾಹ್ನ 3:35ಕ್ಕೆ ಪಾಕ್ ಡಿಜಿಎಂಒ (ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕ) ಅವರ ಫೋನ್ ಕರೆ ನಮ್ಮ ಡಿಜಿಎಂಒಗೆ ಬಂದು ಸಂಜೆ 5ಕ್ಕೆ ಗುಂಡು ನಿಲ್ಲಿಸಲು ಒಪ್ಪಿದರಲ್ಲ, ಆ ತಂತಿ ಜೀವಂತ ಇದ್ದದ್ದು ದೊಡ್ಡ ವಿಷಯ.

ಮಂಡ್ಯ ರಸಾಯನ

ರತ್ನಹಳ್ಳಿ ಪ್ರಶ್ನೆಗೆ. 1988ರ ಡಿಸೆಂಬರ್ 31ರ ಒಪ್ಪಂದದ ಪ್ರಕಾರ ಎರಡೂ ದೇಶ ಒಂದರ ಪರಮಾಣು ಸ್ಥಾವರಕ್ಕೆ ಇನ್ನೊಂದು ಹೊಡೆಯುವಂತಿಲ್ಲ. ಯುರೇನಿಯಂ ಸಂವರ್ಧನೆ ಘಟಕಗಳೂ ಇದರಲ್ಲಿ ಸೇರಿವೆ. 1992ರಿಂದ ಪ್ರತಿ ಜನವರಿ 1ಕ್ಕೆ ಅಕ್ಷಾಂಶ-ರೇಖಾಂಶ ಸಮೇತ ಪಟ್ಟಿ ವಿನಿಮಯ ಆಗುತ್ತೆ, ಕಾರ್ಗಿಲ್ ಆದ ಮೇಲೂ ನಿಂತಿಲ್ಲ.

ಆದರೂ ಬಿತ್ತು ಅಂತಿಟ್ಟುಕೊಳ್ಳಿ. ಅಲ್ಲಿ ರಿಯಾಕ್ಟರ್ ಇಲ್ಲ, ವಿದಳನ (ಪರಮಾಣು ಒಡೆಯೋ ಕ್ರಿಯೆ) ನಡೆಯಲ್ಲ, ಹಾಗಾಗಿ ವಿಕಿರಣಶೀಲ ಅಯೋಡಿನ್ ಹೊರಬರೋ ಪ್ರಶ್ನೆಯೇ ಇಲ್ಲ. ಮಾತ್ರೆ ಅಲ್ಲಿಗೆ ಉಪಯೋಗಕ್ಕೆ ಬರಲ್ಲ. ಪೊಟ್ಯಾಸಿಯಂ ಅಯೋಡೈಡ್ (ವಯಸ್ಕರಿಗೆ 130 ಮಿ.ಗ್ರಾಂ.) ಕಾಪಾಡೋದು ಥೈರಾಯ್ಡ್ ಒಂದನ್ನೇ, ಅದೂ ಕೈಗಾದಂಥ ರಿಯಾಕ್ಟರ್ ಒಡೆದಾಗ ಅಥವಾ ಅಣುಬಾಂಬಿನ ವಿಕಿರಣಶೀಲ ಬೂದಿ ಬಿದ್ದಾಗ, ಸರ್ಕಾರ ಹೇಳಿದ ಹೊತ್ತಿನಲ್ಲಿ. ಅಯೋಡಿನ್ ಉಪ್ಪು ಜಾಸ್ತಿ ತಿಂದರೆ ಅದು ಸಮ ಆಗಲ್ಲ.

ಸಂವರ್ಧನೆಯಲ್ಲಿ ಬಳಸೋದು ಯುರೇನಿಯಂ ಹೆಕ್ಸಾಫ್ಲೋರೈಡ್. ಇದು 56 ಡಿಗ್ರಿ ಚಿಲ್ಲರೆಯಲ್ಲಿ ಘನದಿಂದ ನೇರ ಅನಿಲ ಆಗುತ್ತೆ. ಆ ಅನಿಲವನ್ನ ವೇಗವಾಗಿ ತಿರುಗಿಸೋ ಯಂತ್ರ, ಸೆಂಟ್ರಿಫ್ಯೂಜ್ ಒಳಗೆ ಒತ್ತಡ ತೀರಾ ಕಡಿಮೆ, ಅಲ್ಲಿರೋ ಅನಿಲವೂ ಸ್ವಲ್ಪವೇ. ಅಪಾಯ ಇರೋದು ದಾಸ್ತಾನಿನ ಸಿಲಿಂಡರುಗಳು ಬೆಂಕಿಗೆ ಸಿಕ್ಕು ಒಡೆದರೆ. ಗಾಳಿಯ ತೇವ ತಗುಲಿದ ಕೂಡಲೇ ಬಿಳಿ ಹೊಗೆ ಏಳುತ್ತೆ: ಯುರೇನೈಲ್ ಫ್ಲೋರೈಡ್ ಪುಡಿ, ಜೊತೆಗೆ ಹೈಡ್ರೋಜನ್ ಫ್ಲೋರೈಡ್. ಮೊದಲ ಗಂಟೆಗಳಲ್ಲಿ ಕೊಲ್ಲೋದು ವಿಕಿರಣ ಅಲ್ಲ, ಈ ಆಮ್ಲ. ಶ್ವಾಸಕೋಶ ಸುಡುತ್ತೆ. ಯುರೇನಿಯಂ ಮೂತ್ರಪಿಂಡಕ್ಕೆ ಏಟು ಕೊಡುತ್ತೆ.

ಮಾಡಬೇಕಾದ್ದು: ಹೊಗೆ ಇನ್ನೂ ಮುಟ್ಟಿಲ್ಲದಿದ್ದರೆ ಗಾಳಿಗೆ ಅಡ್ಡಲಾಗಿ ದೂರ ಹೋಗಿ, ಗಾಳಿ ಬೀಸೋ ದಿಕ್ಕಿನಲ್ಲೇ ಓಡಬೇಡಿ. ತಲುಪಿಬಿಟ್ಟಿದ್ದರೆ ಒಳಗೆ ಬಂದು ಕಿಟಕಿ, ಎಕ್ಸಾಸ್ಟ್ ಫ್ಯಾನ್ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಮೈಮೇಲೆ ಬಿದ್ದಿದ್ದರೆ ಬಟ್ಟೆ ಬಿಚ್ಚಿ ಹರಿಯೋ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೀರಿ. ಈ ಸುಟ್ಟಗಾಯಕ್ಕೆ ಮದ್ದು 2.5 ಶೇಕಡಾ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್. ಮಾಮೂಲಿ ಬರ್ನಾಲ್‌ನಿಂದ ಆಗಲ್ಲ.

ಇಲವಾಲ ಕಡೆಯವ

ಧನ್ಯವಾದ ಮೇಡಂ. ಅಣುಬಾಂಬೇ ಬೆಂಗಳೂರಿನ ಮೇಲೆ ಬಿದ್ದರೆ ಬೂದಿ ಮಂಡ್ಯ, ಮೈಸೂರಿಗೆ ಬರುತ್ತಾ? ಮುಂಗಾರಿನಲ್ಲಿ ಗಾಳಿ ಪಶ್ಚಿಮದ್ದು, ಬರಲ್ಲ ಅಂತಾರಲ್ಲ.

ಮಂಡ್ಯ ರಸಾಯನ

ಹಾಗೆ ನಂಬಿ ಕೂರಬೇಡಿ. ಎತ್ತರದಲ್ಲಿ ಸಿಡಿದರೆ (ಹಿರೋಷಿಮಾದಲ್ಲಿ ಸುಮಾರು 600 ಮೀಟರ್) ಬೂದಿ ಕಮ್ಮಿ. ನೆಲ ಮುಟ್ಟಿ ಸಿಡಿದರೆ ಮಣ್ಣೇ ವಿಕಿರಣಶೀಲವಾಗಿ ಮೇಲೇಳುತ್ತೆ. ಮುಂಗಾರಿನಲ್ಲಿ ನೆಲಮಟ್ಟದ ಗಾಳಿ ಪಶ್ಚಿಮದಿಂದ ಬೀಸಿದರೂ ಹನ್ನೆರಡು-ಹದಿನೈದು ಕಿ.ಮೀ. ಮೇಲೆ ಪೂರ್ವದಿಂದ ಬಲವಾಗಿ ಬೀಸುತ್ತೆ. ಬಾಂಬಿನ ಮೋಡ ಅಷ್ಟು ಎತ್ತರಕ್ಕೆ ಹೋದರೆ ಸ್ವಲ್ಪ ಭಾಗ ನಮ್ಮ ಕಡೆಗೇ ಬರಬಹುದು.

ಸಮಾಧಾನದ ವಿಷಯ, ವಿಕಿರಣ ಬೇಗ ಇಳಿಯುತ್ತೆ. ಕಾಲ ಏಳು ಪಟ್ಟು ಆದರೆ ತೀವ್ರತೆ ಹತ್ತನೇ ಒಂದು: ಒಂದು ಗಂಟೆಗೆ 100 ಇದ್ದದ್ದು 7 ಗಂಟೆಗೆ 10, ಎರಡು ದಿನಕ್ಕೆ 1. ಅದಕ್ಕೇ ಮೊದಲ 24 ಗಂಟೆ ಹೊರಗೆ ಬರಬಾರದು. ಹೆಂಚಿನ ಮನೆ, ಶೀಟ್ ಮನೆ ಸಾಲಲ್ಲ, ಬೂದಿ ತಲೆ ಮೇಲೇ ಕೂರುತ್ತೆ. ಪಕ್ಕದಲ್ಲಿ ಆರ್‌ಸಿಸಿ ತಾರಸಿಯ ಎರಡು-ಮೂರು ಅಂತಸ್ತಿನ ಕಟ್ಟಡ ಇದ್ದರೆ ಕೆಳಗಿನ ನಡುಕೋಣೆ ಒಳ್ಳೇದು. ಮುಚ್ಚಳ ಭದ್ರವಾಗಿರೋ ಸಂಪಿನ ನೀರು ಬಳಸಬಹುದು, ತೆರೆದ ಬಾವಿ, ಕೆರೆ, ನಾಲೆ ನೀರು ಬೇಡ. ಹೊರಗಿಂದ ಬಂದವರು ಮೇಲುಬಟ್ಟೆ ಬಾಗಿಲಲ್ಲೇ ಬಿಚ್ಚಿದರೆ ಬಹುಪಾಲು ಬೂದಿ ಅಲ್ಲೇ ಹೋಗುತ್ತೆ. ತಲೆಗೆ ಶಾಂಪೂ ಸಾಕು, ಕಂಡಿಷನರ್ ಹಾಕಿದರೆ ಕಣಗಳು ಕೂದಲಿಗೆ ಅಂಟಿಕೊಳ್ಳುತ್ತವೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಗೂ ಯೋಜನೆ ಇರಬೇಕು, ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಮೈಸೂರಿನದ್ದನ್ನ ತರಿಸಿ ನೋಡಿ. ಹೆಕ್ಸಾಫ್ಲೋರೈಡ್ ಸೋರಿಕೆಗೆ ಸೈರನ್ ಎಲ್ಲೆಲ್ಲಿ, ಆ ಜೆಲ್ ಯಾವ ಆಸ್ಪತ್ರೆಯಲ್ಲಿ ಎಷ್ಟು ದಾಸ್ತಾನು ಅಂತ ಅದರಲ್ಲಿ ಬರೆದಿಲ್ಲದಿದ್ದರೆ ಲಿಖಿತ ಅರ್ಜಿ ಕೊಡಿ.