ಇಂಡೆಕ್ಸ್ ಇದ್ರೂ ಪೋಸ್ಟ್‌ಗ್ರೆಸ್ ಡೇಟಾಬೇಸ್ ಯಾಕೆ ಇಡೀ ಟೇಬಲ್ ಓದುತ್ತೆ?

ಪ್ರಶ್ನೆ: ಆರ್ಡರ್ಸ್ ಟೇಬಲ್‌ನಲ್ಲಿ 40 ಲಕ್ಷ ಸಾಲು ಇದೆ, ಸ್ಟೇಟಸ್ ಕಾಲಂಗೆ ಇಂಡೆಕ್ಸ್ (ಸಾಲು ಬೇಗ ಹುಡುಕೋ ಪಟ್ಟಿ) ಹಾಕಿದೀನಿ, ಆದ್ರೂ ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ಓಡುತ್ತೆ ಅಂತ ತೋರಿಸೋ ಕಮಾಂಡ್) ಕೊಟ್ರೆ 'ಡೆಲಿವರ್ಡ್'ಗೂ 'ಪೆಂಡಿಂಗ್'ಗೂ ಸೀಕ್ವೆನ್ಶಿಯಲ್ ಸ್ಕ್ಯಾನೇ (ಇಡೀ ಟೇಬಲ್ ಸಾಲಾಗಿ ಓದೋದು) ಬರ್ತಿದೆ. ನಿನ್ನೆ ರಾತ್ರಿ ಹಳೇ ಪೆಂಡಿಂಗ್ ಎಲ್ಲಾ ಒಟ್ಟಿಗೆ ಅಪ್‌ಡೇಟ್ ಮಾಡಿದ್ವಿ, ಅವಾಗಿಂದ ಡ್ಯಾಶ್‌ಬೋರ್ಡ್ ತುಂಬಾ ನಿಧಾನ. ನಿನ್ನೆಯಿಂದ ತಲೆ ಕೆಟ್ಟೋಗಿದೆ, ಯಾರಾದ್ರೂ ಹೇಳ್ರಪ್ಪ.

ಉತ್ತರ 1: ಡೆಲಿವರ್ಡ್ ವಿಷ್ಯದಲ್ಲಿ ಪ್ಲ್ಯಾನರ್ (ಹೇಗೆ ಓದ್ಬೇಕು ಅಂತ ತೀರ್ಮಾನಿಸೋ ಪೋಸ್ಟ್‌ಗ್ರೆಸ್ ಭಾಗ) ಮಾಡಿದ್ದೇ ಸರಿ ಗುರು. ಹೆಚ್ಚುಕಮ್ಮಿ ಎಲ್ಲಾ ಸಾಲೂ ಬೇಕು ಅಂದಾಗ ಇಂಡೆಕ್ಸ್ ನೋಡಿ ಒಂದೊಂದು ಪೇಜ್‌ಗೂ (ಡಿಸ್ಕ್‌ನಲ್ಲಿರೋ ಡೇಟಾ ತುಂಡು) ಹಾರಿ ಹಾರಿ ಹೋಗೋದಕ್ಕಿಂತ ಮೊದಲಿಂದ ಕೊನೇವರೆಗೂ ಸಾಲಾಗಿ ಓದ್ಕೊಂಡು ಹೋಗೋದೇ ಅಗ್ಗ, ಪ್ಲ್ಯಾನರ್‌ನ ಡೀಫಾಲ್ಟ್ ಖರ್ಚಿನ ಲೆಕ್ಕದಲ್ಲಿ ಸಾಲಾಗಿ ಓದೋ ಪೇಜ್‌ಗೆ 1, ಹಾರಿ ಓದೋದಕ್ಕೆ 4.

ಉತ್ತರ 2: ಪೆಂಡಿಂಗ್ ಕಥೆ ಬೇರೆ. ಪ್ಲ್ಯಾನರ್ ಟೇಬಲ್ ನೋಡಲ್ಲ ಸರ್, ಹಿಂದೆ ತೆಗೆದಿಟ್ಟ ಸ್ಯಾಂಪಲ್ ಅಂಕಿಅಂಶ ನೋಡುತ್ತೆ. ಎಕ್ಸ್‌ಪ್ಲೇನ್ ಅನಲೈಝ್ (ಕ್ವೆರಿನ ನಿಜವಾಗ್ಲೂ ಓಡಿಸಿ ತೋರಿಸೋದು) ಹಾಕಿ, ಅಂದಾಜು ಸಾಲು ಎಷ್ಟು, ನಿಜವಾಗ್ಲೂ ಬಂದಿದ್ದು ಎಷ್ಟು ಅಂತ ಹೋಲಿಸಿ. ಆ ಅಂಕಿಅಂಶನ ತಾನಾಗೇ ಹೊಸದು ಮಾಡೋ ಆಟೋವ್ಯಾಕ್ಯೂಮ್ ಆನ್ ಇದೆಯಾ?

ಪ್ರಶ್ನೆ ಕೇಳಿದವರು: ಅಯ್ಯೋ, ಈ ಟೇಬಲ್‌ಗೆ ಯಾರೋ ಆಫ್ ಮಾಡಿಟ್ಟಿದ್ರು! ಅಂದಾಜು 18 ಲಕ್ಷ, ಬಂದಿದ್ದು ಬರೀ 3 ಸಾವಿರ. ಅನಲೈಝ್ (ಅಂಕಿಅಂಶ ಹೊಸದಾಗಿ ತೆಗೆಯೋ ಕಮಾಂಡ್) ಓಡಿಸಿದ ಮೇಲೆ ಇಂಡೆಕ್ಸ್ ತಗೊಂತಿದೆ, ತುಂಬಾ ಥ್ಯಾಂಕ್ಸ್.

ಉತ್ತರ 3: ಆಟೋವ್ಯಾಕ್ಯೂಮ್ ಮೊದ್ಲು ಆನ್ ಮಾಡಿ, ಇಲ್ದಿದ್ರೆ ಇದೇ ಮತ್ತೆ ಆಗುತ್ತೆ. ಎಸ್‌ಎಸ್‌ಡಿ ಇದ್ರೆ ಉತ್ತರ 1ರಲ್ಲಿ ಹೇಳಿದ, ಹಾರಿ ಓದೋದರ ಆ 4 ಅನ್ನೋದನ್ನ 1.1ಕ್ಕೆ ಇಳಿಸಿ ನೋಡಬಹುದು. ಎನೇಬಲ್ ಸೀಕ್‌ಸ್ಕ್ಯಾನ್ (ಸೀಕ್ವೆನ್ಶಿಯಲ್ ಸ್ಕ್ಯಾನ್‌ಗೆ ಇರೋ ಸೆಟ್ಟಿಂಗ್) ಆಫ್ ಮಾಡೋದು ಪರೀಕ್ಷೆಗೆ ಮಾತ್ರ ಇರ್ಲಿ, ದಯವಿಟ್ಟು ಪ್ರೊಡಕ್ಷನ್‌ನಲ್ಲಿ ಹಾಗೇ ಬಿಡಬೇಡಿ. ಇನ್ನೊಂದು, ಕ್ವೆರಿಯ ವೇರ್ (ಷರತ್ತು) ಭಾಗದಲ್ಲಿ ಕಾಲಂನ ಲೋವರ್ (ಇಂಗ್ಲಿಷ್ ಅಕ್ಷರ ಸಣ್ಣದು ಮಾಡೋ) ಫಂಕ್ಷನ್ ಒಳಗೆ ಹಾಕಿದ್ರೆ ಮಾಮೂಲಿ ಇಂಡೆಕ್ಸ್ ಕೆಲಸಕ್ಕೆ ಬರಲ್ಲ, ಆ ಎಕ್ಸ್‌ಪ್ರೆಶನ್ ಮೇಲೇನೇ ಬೇರೆ ಇಂಡೆಕ್ಸ್ ಮಾಡ್ಬೇಕು.