ಅಪ್‌ಡೇಟ್: ‘ಈಗಿನ ಕೆಲಸ ಏಕೆ ಬಿಡುತ್ತಿದ್ದೀರಿ’ ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ಸಾಗರದ ಅಡಿಕೆ ಮಂಡಿಯೊಂದರಲ್ಲಿ ಆರು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ನಾನು, ಸಂಬಳ ಪದೇ ಪದೇ ತಡವಾಗುವುದನ್ನು ಸಂದರ್ಶನದಲ್ಲಿ ಹೇಳಬೇಕೇ, ಮುಚ್ಚಿಡಬೇಕೇ ಎಂದು ಕಳೆದ ತಿಂಗಳು ಕೇಳಿದ್ದೆ. ಮಾಲೀಕರನ್ನು ದೂರಬೇಡಿ, ಆದರೆ ಸುಳ್ಳನ್ನೂ ಹೇಳಬೇಡಿ ಎಂದು ಹೆಚ್ಚಿನವರು ಸಲಹೆ ಕೊಟ್ಟಿದ್ದಿರಿ.

ಹೋದ ವಾರ ಶಿವಮೊಗ್ಗದಲ್ಲಿ ಸಂದರ್ಶನ ನಡೆಯಿತು. ಸುರಿಯುವ ಮಳೆಯಲ್ಲಿ ಸುಮಾರು 70 ಕಿ.ಮೀ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ಉತ್ತರ ಕುರ್ಚಿಯಲ್ಲಿ ಕುಳಿತೊಡನೆ ಮರೆತುಹೋಯಿತೆಂಬುದು ಬೇರೆ ಮಾತು. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ಖರೀದಿ ಲೆಕ್ಕದಿಂದ ಹಿಡಿದು ತಿಂಗಳ ಜಿಎಸ್‌ಟಿ ರಿಟರ್ನ್‌ವರೆಗೆ ಎಲ್ಲವನ್ನೂ ಒಬ್ಬನೇ ನಿಭಾಯಿಸಿದ್ದೇನೆಂದೂ, ಮಂಡಿಯಲ್ಲಿ ಇದಕ್ಕಿಂತ ಮೇಲಿನ ಹುದ್ದೆಯೇ ಇಲ್ಲದ ಕಾರಣ ಆಡಿಟ್ ಕೆಲಸ ಕಲಿಯಲು ಅವಕಾಶವಿರುವ ಕಡೆಗೆ ಬರಬಯಸುತ್ತೇನೆಂದೂ ಹೇಳಿದೆ.

ಅಲ್ಲಿದ್ದ ಹಿರಿಯರೊಬ್ಬರು, “ಸಂಬಳ ಸರಿಯಾಗಿ ಬರುತ್ತದೆಯೇ?” ಎಂದು ನೇರವಾಗಿಯೇ ಕೇಳಿಬಿಟ್ಟರು. “ಕೆಲವು ತಿಂಗಳು ತಡವಾಗುತ್ತದೆ ಸರ್, ಅದೂ ಒಂದು ಕಾರಣ, ಆದರೆ ನನಗೆ ಕೆಲಸ ಕಲಿಸಿದವರು ಮಾಲೀಕರೇ” ಎಂದಷ್ಟೇ ಹೇಳಿ ಸುಮ್ಮನಾದೆ. ಅವರು ಮಾತು ಬೆಳೆಸಲಿಲ್ಲ. ಆಮೇಲೆ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದಾಗ ನನಗೆ ಒಳಗೊಳಗೇ ನಗು ಬಂತು. ಮುಚ್ಚಿಟ್ಟಿದ್ದರೆ, ತಡವಾಗಿ ಜಮೆಯಾದ ಸಂಬಳದ ತಾರೀಖುಗಳೇ ನನ್ನನ್ನು ಹಿಡಿದುಕೊಡುತ್ತಿದ್ದವು.

ನೇಮಕಾತಿ ಪತ್ರ ನಿನ್ನೆ ಕೈಸೇರಿತು. ಮಾಲೀಕರಿಗೆ ಇನ್ನೂ ತಿಳಿಸಿಲ್ಲ. ಬಾಕಿ ಸಂಬಳದ ಲೆಕ್ಕವನ್ನು ಬರೆದಿಟ್ಟುಕೊಂಡು ಸೋಮವಾರ ಹೇಳಬೇಕೆಂದಿದ್ದೇನೆ.