ದಾಳಿಂಬರಿ ತೋಟ, ಬಣ್ಣದ ಬಂಡಿ, ಮಗಳ ಗ್ಯಾದರಿಂಗ್: ಡಿಎಸ್‌ಎಲ್‌ಆರ್ ತಗೊಳ್ಳೂದೋ, ನೀರಿಗೆ ಹೆದರದ ಸಣ್ಣ ಕ್ಯಾಮೆರಾನೋ?

ದಾಳಿಂಬರಿ_ಬಾಗಲಕೋಟಿ:

ಎಲ್ಲಾರಿಗೂ ನಮಸ್ಕಾರ್ರಿ. ಹೋದ ತಿಂಗಳ ನನ್ನ ಫೋನ್ ಕೃಷಿ ಹೊಂಡದಾಗ ಹೋತು. ಪಂಪಿನ ಫುಟ್‌ವಾಲ್ವಿಗೆ ಕಸ ಹಿಡದೈತೇನು ಅಂತ ಬಗ್ಗಿ ನೋಡೂ ಮುಂದ ಅಂಗಿ ಕಿಸೇದಿಂದ ಜಾರಿತು. ಹೊಂಡದ ಕರೇ ಪ್ಲಾಸ್ಟಿಕ್ ಹಾಳಿ ಮ್ಯಾಲ ಜಾರಬಂಡಿ ಆಡಿದಂಗ ಸಾವಕಾಶ ಸರಕೋತ ಹೋತು, ನಾ ಸುಮ್ನ ನಿಂತ ನೋಡಿದೆ. ಆ ಪ್ಲಾಸ್ಟಿಕ್ ಮ್ಯಾಲ ಕಾಲಿಟ್ರ ಫೋನಿನ ಹಿಂದನ ನಾನೂ ಹೋಗ್ತಿದ್ದೆ. ಈಜು ಬಂದಾಂವಗೂ ಅಲ್ಲಿಂದ ಹತ್ತಿ ಬರೂದು ಕಷ್ಟ. ಎರಡು ವರ್ಷದ ತೋಟದ ಫೋಟೊ ಅದರಾಗ ಇದ್ದವು.

ಅದಕ್ಕ ಈ ಸಲ ಫೋನ್ ಸಾದಾದು ಇಟಗೊಂಡು ಫೋಟೊಕ್ಕ ಬ್ಯಾರೆ ಕ್ಯಾಮೆರಾ ಮಾಡೂದು ಅಂತ ಮನಸಿನಾಗ ಐತಿ. ಬಜೆಟ್ ನಲವತ್ತು ಸಾವಿರ, ಜಗ್ಗಿದ್ರ ನಲವತ್ತೈದು.

ನನ್ನ ಕೆಲಸ ಏನಂದ್ರ, ಮೂರು ಎಕರೆ ಭಗವಾ ದಾಳಿಂಬರಿ ಐತಿ. ಚಿಗುರು ಬಂದಾಗ ಎಲಿ ಮುದುಡ್ತೈತಿ, ಕೆಳಗ ಏನೋ ಹುಳ ಹರದಾಡ್ತಾವು, ಕಣ್ಣಿಗೆ ಕಾಣಿಸಿದ್ರೂ ಕಾಣಿಸದಂಗ. ಮಳಿಗಾಲದಾಗ ದುಂಡಾಣು ಅಂಗಮಾರಿ ರೋಗದ ಭಯ. ಎಲಿ ಬಿಸಲಿಗೆ ಹಿಡದ್ರ ಎಣ್ಣಿ ಬಿದ್ದ ಕಾಗದದಂಗ ಚುಕ್ಕಿ ಪಾರದರ್ಶಕ ಕಾಣ್ತಾವಲ್ರಿ, ಆ ಹಂತದಾಗ ಹಿಡದ್ರನ ಏನಾರ ಮಾಡಾಕ ಬರತೈತಿ. ನಮಗ ಪರಿಚಯದ ತೋಟಗಾರಿಕೆ ತಜ್ಞರೊಬ್ರು ಅದಾರ, ಅವರಿಗೆ ಫೋಟೊ ಕಳಿಸಿದಾಗೆಲ್ಲ "ಇನ್ನೂ ಹತ್ರದಿಂದ ತಗೀರಿ" ಅಂತಾರ. ಹತ್ರ ಹೋದ್ರ ಫೋನು ಮಂಜ ಮಂಜ.

ಇನ್ನ ನಮ್ಮೂರ ಹೋಳಿ. ಬಾಗಲಕೋಟಿ ಹೋಳಿ ನೋಡಿದವರಿಗೆ ಹೇಳೂದು ಬ್ಯಾಡ. ಬ್ಯಾರಲ್ ತುಂಬ ಬಣ್ಣದ ನೀರು ಹೇರಿಕೊಂಡ ಬಂಡಿ ಎದ್ರು ಬದ್ರು ಬಂದು ನಿಂತ್ರ ನಡುವ ಸಿಕ್ಕಾಂವ ಸತ್ತ. ಆ ಬಂಡಿ ಮ್ಯಾಲ ನಿಂತು ಫೋಟೊ ತಗೀಬೇಕು ಅನ್ನೂದು ಹುಡುಗ ಇದ್ದಾಗಿನ ಆಸೆ. ಮೂರನೇದು ಮಗಳು. ಐದನೇತ್ತಾ ಅದಾಳ, ಜನವರಿಯಾಗ ಸಾಲಿ ಗ್ಯಾದರಿಂಗ್ (ವಾರ್ಷಿಕೋತ್ಸವ), ಕುಣೀತಾಳ. ಮತ್ತ ವರ್ಷಕ್ಕ ಎರಡ ಸಲ ಬದಾಮಿಗೆ ಹೋಗತೀವಿ, ಬೀಗರ ಮನಿ ಅಲ್ಲೇ.

ಮಾವನ ಮಗ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸೂ ದೊಡ್ಡ ಕ್ಯಾಮೆರಾ) ತಗೋ ಅಂತಾನ. ಕೊರಳಾಗ ದೊಡ್ಡ ಕ್ಯಾಮೆರಾ ಇದ್ರ ಮಂದಿ ತಾವ ಸರದು ದಾರಿ ಬಿಡ್ತಾರಂತ, ಅದು ಅವನ ವಾದ. ನಮ್ಮ ಮನಿಯಾಕಿ ಒಂದ ಮಾತು ಹೇಳಿದ್ಲು: "ನಿಮ್ಮ ಕೈಯಾಗಿನ ಸಾಮಾನು ಯಾವುದು ನೀರಿಗೆ ಬೀಳದ ಉಳದೈತಿ?" ಉತ್ತರ ನನ್ನ ಕಡೆ ಇಲ್ಲ.

ಕ್ಯಾನನ್ 1500ಡಿ ಅನ್ನೂ ಡಿಎಸ್‌ಎಲ್‌ಆರ್ ಮತ್ತ ಟಿಜಿ-6, ಟಿಜಿ-7 ಅನ್ನೂ ವಾಟರ್‌ಪ್ರೂಫ್ ಕ್ಯಾಮೆರಾ, ಇವೆರಡರ ನಡುವ ಒದ್ದಾಡಾಕತ್ತೀನಿ. ಬಳಸಿದವರು ಹೇಳ್ರಿ. ಯೂಟ್ಯೂಬ್ ಲಿಂಕ್ ಬ್ಯಾಡ, ನೋಡಿ ನೋಡಿ ತಲಿ ಕೆಟ್ಟೈತಿ.

ಟಿಳಕವಾಡಿ_ಸ್ಟುಡಿಯೊ:

ನಮಸ್ಕಾರ ಅಣ್ಣಾರ. ಬೆಳಗಾವಿಯೊಳಗ ಇಪ್ಪತ್ತು ವರ್ಷದಿಂದ ಲಗ್ನದ ಫೋಟೊ ಮಾಡ್ತೀನಿ. ನೇರ ಹೇಳ್ತೀನಿ, ಡಿಎಸ್‌ಎಲ್‌ಆರ್ ತಗೋರಿ.

ಲೆಕ್ಕ ನೋಡ್ರಿ. 1500ಡಿ ಸೆನ್ಸರ್, ಅಂದ್ರ ಬೆಳಕು ಹಿಡಿಯೋ ಚಿಪ್, 22.3 × 14.9 ಮಿ.ಮೀ. ಆ ವಾಟರ್‌ಪ್ರೂಫ್ ಒಳಗ ಇರೋದು ಸುಮಾರು 6.2 × 4.6 ಮಿ.ಮೀ. ಗುಣಿಸಿದ್ರ ಹತ್ರ ಹತ್ರ ಹನ್ನೆರಡು ಪಟ್ಟು ದೊಡ್ಡದು. ಕತ್ತಲಿ ಸ್ಟೇಜಿನ ಮ್ಯಾಲ ಹುಡುಗಿ ತಿರುಗಾಕತ್ತಿದ್ಲು ಅಂದ್ರ ಶಟರ್ ಸೆಕೆಂಡಿನ 1/250 ಪಾಲು ಅಷ್ಟ ತೆರದಿರಬೇಕು. ಸಣ್ಣ ಸೆನ್ಸರಿನೊಳಗ ಐಎಸ್‌ಒ (ಬೆಳಕಿನ ಸಂವೇದನೆ) ಏರಿಸಿದ್ರ ಮುಖ ಉಪ್ಪಿಟ್ಟಿನಂಗ ಕಾಳು ಕಾಳು ಆಗ್ತದ.

ಆದ್ರ ಒಂದು ತಪ್ಪು ಮಾಡಬ್ಯಾಡ್ರಿ. ಕ್ಯಾಮೆರಾ ಜೋಡಿ ಬರೋ ಕಿಟ್ ಲೆನ್ಸ್ 18-55 ಒಂದನ್ನ ನಂಬಬ್ಯಾಡ್ರಿ. ಅದು 55ಕ್ಕ ಜೂಮ್ ಮಾಡಿದ್ರ ಎಫ್ 5.6ಕ್ಕ ಬಂದು ನಿಲ್ಲತದ (ಎಫ್ ಅಂಕಿ ದೊಡ್ಡದಾದಷ್ಟು ಬೆಳಕು ಕಡಿಮಿ). 50 ಎಂಎಂ ಎಫ್ 1.8 ಲೆನ್ಸ್ ಅಂತ ಒಂದದ, ಸಣ್ಣದು, ಹಗುರ, ಅಗ್ಗ. ಕಿಟ್‌ಗಿಂತ ಹೆಚ್ಚು ಕಡಿಮಿ ಹತ್ತು ಪಟ್ಟು ಬೆಳಕು ಒಳಗ ಬಿಡ್ತದ. ಗ್ಯಾದರಿಂಗಿಗೆ ಅದ ಬೇಕು. ಹುಳದ ಫೋಟೊಕ್ಕ ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾ ಲೆನ್ಸ್ ನಡುವ ಕೂಡೋ ಪೊಳ್ಳು ಬಳಿ, ಹತ್ರದ್ದು ಫೋಕಸ್ ಆಗ್ತದ) ಹಾಕ್ಕೋರಿ, ಹಬ್ಬಕ್ಕ ಪ್ಲಾಸ್ಟಿಕ್ ರೇನ್ ಕವರ್ ಸಿಗ್ತದ.

ಹಳೇದು ಸಿಕ್ಕರೂ ಅಡ್ಡಿ ಇಲ್ಲ, ಶಟರ್ ಎಷ್ಟು ಸಲ ಹೊಡದದ ಅಂತ ಕೇಳಿ ತಗೋರಿ. ಈಗ ಕ್ಯಾನನ್ನು ನಿಕಾನ್ನು ಎರಡೂ ಒಳಗ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಹಿಂದ ಬಿದ್ದಾವು, ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್‌ಗೆ ಹೋಗೋ ನನ್ನಂಥವರ ಕಡೆ ಒಳ್ಳೇ ಲೆನ್ಸ್ ಕಡಿಮಿ ರೇಟಿಗೆ ಸಿಗ್ತಾವು. ವಾಟರ್‌ಪ್ರೂಫ್ ಮಾತ್ರ ಸೆಕೆಂಡ್ ಹ್ಯಾಂಡ್ ತಗೋಬ್ಯಾಡ್ರಿ. ಒಮ್ಮೆ ಕಲ್ಲಿಗೆ ಬಡದದ್ದು ಹೊರಗ ಕಾಣೂದಿಲ್ಲ, ನೀರಿನಾಗ ಮುಳುಗಿಸಿದ ಮ್ಯಾಲ ಗೊತ್ತಾಗ್ತದ.

ಸುಮ್ನ_ಓದಾಂವ:

ಈಗಿನ ಚಲೋ ಫೋನ್ ಭಾಳಷ್ಟು ಐಪಿ68 (ನೀರು, ಧೂಳು ತಡಿಯೂ ದರ್ಜೆ) ಅದಾವಲ್ಲ? ಒಂದು ಚಲೋ ಫೋನ್ ತಗೊಂಡ್ರ ಮುಗೀತು.

ದಾಳಿಂಬರಿ_ಬಾಗಲಕೋಟಿ:

ಅಣ್ಣಾರ, ಹೊಂಡದಾಗ ಬಿದ್ದದ್ದೂ ಐಪಿ68 ಫೋನ. ಪ್ರಮಾಣಪತ್ರ ಅದಕ್ಕಿತ್ತು, ಹನ್ನೊಂದು ಫೂಟ್ ಆಳದಿಂದ ಮ್ಯಾಲ ಬರೂ ವಿದ್ಯಾ ಇರಲಿಲ್ಲ. ಮೂರು ದಿನ ಬಿಟ್ಟು ನೀರು ಇಳಿಸಿದಾಗ ಸಿಕ್ತು. ಪೆಟ್ಟಗೀ ಮ್ಯಾಲ ಒಂದೂವರೆ ಮೀಟರ್, ಅರ್ಧ ತಾಸು ಅಂತ ಬರದಿತ್ತು. ವಾರಂಟಿ ಕಾಗದ ಓದಿದ್ರ ನೀರಿನಿಂದ ಕೆಟ್ಟದ್ದು ಲೆಕ್ಕಕ್ಕಿಲ್ಲ ಅಂತ ಅದರಾಗ ಬರದೈತಿ.

ಸ್ಟುಡಿಯೊ ಅಣ್ಣಾರ, ನೀವು ಹೇಳಿದ್ದು ಮನಸಿಗೆ ನಾಟಿತು. ಆದ್ರ ರೇನ್ ಕವರ್ ಹಾಕ್ಕೊಂಡು ಹೋಳಿ ಬಂಡಿ ಮ್ಯಾಲ ನಿಂತ್ರ "ಏ, ಇವನ ಕಡೆ ಏನೋ ಮುಚ್ಚಿಟ್ಟಾನ" ಅಂತ ಮೊದಲ ಬ್ಯಾರಲ್ಲು ನನಗ ಬೀಳ್ತೈತಿ. ಗಿಡಕ್ಕ ಎಣ್ಣಿ ಹೊಡಿಯೂ ಮುಂದಂತೂ ಕೈಯೆಲ್ಲ ಔಷಧ, ಆ ಕೈಲೆ ಟ್ಯೂಬು ಲೆನ್ಸು ಬದಲಿ ಮಾಡೂದ್ಹೆಂಗ?

ಜಾಂಬೋಟಿ_ಮಳಿ:

ಖಾನಾಪುರ ತಾಲೂಕಿನಾಂವ ನಾನು, ಜೂನಿನಿಂದ ಸಪ್ಟೆಂಬರ್ ತನಕ ನಮ್ಮಲ್ಲಿ ಬಟ್ಟಿ ಒಣಗೂದ ಇಲ್ಲ. ಡಿಎಸ್‌ಎಲ್‌ಆರ್ ಇತ್ತು ನನ್ನ ಹತ್ರ. ಒಂದು ಮಳಿಗಾಲ ಕಪಾಟಿನಾಗ ಇಟ್ಟೆ, ಲೆನ್ಸ್ ಒಳಗ ಜೇಡನ ಬಲಿಯಂಗ ಫಂಗಸ್ ಬೆಳದಿತ್ತು. ಗಾಳಿ ಆಡದ ಡಬ್ಬಿ, ಸಿಲಿಕಾ ಜೆಲ್ ಎಲ್ಲಾ ಆಮೇಲೆ ಕಲತೆ. (ಅಕ್ಕಿ ಡಬ್ಬ್ಯಾಗ ಇಡ್ರಿ ಅಂತ ಹೇಳೋರ ಮಾತು ಕೇಳಬ್ಯಾಡ್ರಿ, ಅಕ್ಕಿ ಹಿಟ್ಟು ಒಳಗ ಹೋಗ್ತದ.) ಈಗ ನಾಕು ವರ್ಷದಿಂದ ಟಿಜಿ-6.

ಹುಳದ ಮಾತಿಗೆ ಬರೂಣು, ನಿಮಗ ಮುಖ್ಯ ಅದ ಅಲ್ಲೇನು? ಇದರಾಗ ಮೈಕ್ರೊಸ್ಕೋಪ್ ಮೋಡ್ ಅಂತ ಐತಿ, ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದಾಗ ಫೋಕಸ್ ಆಗ್ತದ. ಆದ್ರ ಅಷ್ಟು ಹತ್ರ ಹೋದ್ರ ಕ್ಯಾಮೆರಾದ್ದ ನೆರಳು ಎಲಿ ಮ್ಯಾಲ ಬೀಳ್ತದ. ಎಲ್‌ಜಿ-1 ಅಂತ ಒಂದು ಬಿಳೀ ರಿಂಗ್ ಸಿಗ್ತದ, ಕ್ಯಾಮೆರಾದ ಎಲ್‌ಇಡಿ ಬೆಳಕನ್ನ ಲೆನ್ಸ್ ಸುತ್ತ ಹರಡ್ತದ. ಅದು ಇಲ್ಲದ ಈ ಮೋಡ್ ಅರ್ಧ ದಂಡ. ಸಣ್ಣ ಸೆನ್ಸರ್ ಅಂತ ಸ್ಟುಡಿಯೊ ಅಣ್ಣ ಬೈದದ್ದು ಇಲ್ಲಿ ವರ ಆಗ್ತದ: ಹುಳದ ತಲಿನೂ ಬಾಲನೂ ಎರಡೂ ಫೋಕಸಿನಾಗ ಇರತಾವು. ದೊಡ್ಡ ಸೆನ್ಸರಿಗೆ ಟ್ಯೂಬ್ ಹಾಕಿದ್ರ ಕೂದಲೆಳಿ ಅಷ್ಟ ಫೋಕಸ್, ಎಲಿ ಗಾಳಿಗೆ ಅಲಗಿದ್ರ ಹೋತು.

ಹನ್ನೆರಡು ಪಟ್ಟಿನ ಲೆಕ್ಕಾನೂ ಪೂರ್ತಿ ಅಲ್ಲ. ಜೂಮ್ ಮಾಡದ ಅಗಲಕ್ಕ ತಗದ್ರ ಟಿಜಿ ಲೆನ್ಸ್ ಎಫ್ 2, ಕಿಟ್ ಲೆನ್ಸ್ ಎಫ್ 3.5. ಅಲ್ಲೇ ಮೂರು ಪಟ್ಟು ಬೆಳಕು ಇದಕ್ಕ ಹೆಚ್ಚು. ಹನ್ನೆರಡರ ಲಾಭ ನಾಕಕ್ಕ ಇಳೀತದ. ಬದಾಮಿ ಗುಹೆಯೊಳಗ ಆ ನಾಕ ಪಟ್ಟು ನಿಮಗ ಬಾಧಸೂದಿಲ್ಲ, ಯಾಕಂದ್ರ ಹದಿನೆಂಟು ಕೈ ನಟರಾಜ ಕುಣದ್ರೂ ಅಲಗೂದಿಲ್ಲ, ಕಂಬಕ್ಕ ಕೈ ಊರಿ ನಿಧಾನ ಶಟರಿನಾಗ ತಗೀಬಹುದು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆ ಅನುಮತಿ ಬೇಕು, ಅದು ಯಾವ ಕ್ಯಾಮೆರಾ ಇದ್ರೂ ಅಷ್ಟ. ಆದ್ರ ಮಗಳು ಕಲ್ಲಲ್ಲ, ಅಲಗತಾಳ. ಜೂಮ್ ಮಾಡಿದ್ರ ಟಿಜಿನೂ ಎಫ್ 4.9. ಗ್ಯಾದರಿಂಗ್ ವಿಷಯದಾಗ ಸ್ಟುಡಿಯೊ ಅಣ್ಣ ಹೇಳಿದ್ದು ನೂರಕ್ಕ ನೂರು ಖರೆ.

ಇನ್ನ ನನ್ನ ಮೂರ್ಖತನ ಒಂದು ಕೇಳ್ರಿ. ಟಿಜಿಗಿಂತ ಮೊದಲ ಬ್ಯಾರೆ ಒಂದು ವಾಟರ್‌ಪ್ರೂಫ್ ಇತ್ತು, ಕಂಪನಿ ಹೆಸರು ಬ್ಯಾಡ, ತಪ್ಪು ನಂದ. ಬ್ಯಾಟರಿ ಬಾಗಲದ ರಬ್ಬರ್ ಮ್ಯಾಲ ನಮ್ಮ ನಾಯಿ ಕೂದಲು ಒಂದು ಸಿಕ್ಕಿತ್ತು. ನೋಡಲಿಲ್ಲ. ಮಲಪ್ರಭಾದಾಗ ಮೊಳಕೈ ಆಳ ಮುಳುಗಿಸಿದೆ, ಹತ್ತು ನಿಮಿಷಕ್ಕ ಪರದೆ ಬಿಳಿ. ಒಂದು ಕೂದಲು! ಅವತ್ತಿನಿಂದ ಬಾಗಲ ಮುಚ್ಚೂ ಮೊದಲ ರಬ್ಬರ್ ಸುತ್ತ ಬೆರಳಾಡಿಸಿ ನೋಡ್ತೀನಿ, ವರ್ಷಕ್ಕೊಮ್ಮೆ ರಬ್ಬರ್ ಬದಲಿ ಮಾಡಸತೀನಿ. ಹೋಳಿಯೊಳಗ ನೀರಿಗಿಂತ ಬಣ್ಣದ ಪುಡಿ ಕೆಟ್ಟದ್ದು, ಸಾದಾ ನೀರಿನಾಗ ತೊಳದು ಒರಸೂ ತನಕ ಬಾಗಲ ತಗೀಬ್ಯಾಡ್ರಿ. ಬಿಸಲಾಗ ಗಾಡಿ ಡಿಕ್ಕಿಯೊಳಗ ಕಾದದ್ದನ್ನ ತಣ್ಣೀರಿಗೆ ಅದ್ದಬ್ಯಾಡ್ರಿ, ಲೆನ್ಸ್ ಒಳಗ ಹಬೆ ಕೂಡ್ತದ.

ಮತ್ತ, ಇದು ತೇಲೂದಿಲ್ಲ! 15 ಮೀಟರ್ ಆಳ ತಡೀತದ, ಆದ್ರ ಕಲ್ಲಿನಂಗ ಮುಳಗತದ. ನಿಮ್ಮ ಹೊಂಡ ನೆನಸ್ಕೊಂಡು ತೇಲೂ ಪಟ್ಟಿ ಮೊದಲ ತಗೋರಿ, ಕ್ಯಾಮೆರಾ ಆಮೇಲೆ.

ಗುಮ್ಮಟದ_ಮಾಸ್ತರ:

ವಿಜಯಪುರದಿಂದ ಬರೀತಿದ್ದೇನೆ. ನಮ್ಮಲ್ಲಿ ಫಂಗಸ್ ಇಲ್ಲ, ಧೂಳು ಅದ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಡಿಎಸ್‌ಎಲ್‌ಆರ್ ಒಯ್ದಿದ್ದೆ. "ಉಧೋ ಉಧೋ" ಅಂತ ಭಂಡಾರ ತೂರಿದ್ರು, ನಾನೂ ಭಕ್ತಿಯಿಂದ ಕ್ಲಿಕ್ಕಿಸಿದೆ. ಕಿಟ್ ಲೆನ್ಸು ಜೂಮ್ ಮಾಡಿದಾಗ ಉದ್ದ ಆಗ್ತದ, ವಾಪಸ್ ತಂದಾಗ ಸೈಕಲ್ ಪಂಪಿನ ಹಾಂಗ ಗಾಳಿ ಎಳೀತದ. ಗಾಳಿಯ ಜೋಡಿ ಅರಿಶಿಣನೂ. ಆರು ವರ್ಷ ಆತು, ಇನ್ನೂ ಜೂಮ್ ರಿಂಗ್ ತಿರುಗಿಸಿದ್ರ ಕರಕರ ಅಂತದ, ಬೆರಳಿಗೆ ಹಳದಿ ಹತ್ತತದ. ಟಿಜಿ ಥರದ್ದರಾಗ ಜೂಮ್ ಎಲ್ಲಾ ಒಳಗ ನಡೀತದ, ಲೆನ್ಸ್ ಹೊರಗ ಬರೂದೇ ಇಲ್ಲ.

ಆದ್ರೂ ನಾ ಡಿಎಸ್‌ಎಲ್‌ಆರ್ ಬಿಟ್ಟಿಲ್ಲ. ಏಪ್ರಿಲ್ ಬಿಸಿಲಾಗ ಗೋಳಗುಮ್ಮಟದ ಮುಂದ ನಿಂತು ಪರದೆ ನೋಡಿ ಫೋಟೊ ತಗೀರಿ ನೋಡೋಣ, ನಿಮ್ಮ ಮುಖನ ಕಾಣತದ ಅದರಾಗ. ಕಣ್ಣು ಹಚ್ಚಿ ನೋಡೋ ವ್ಯೂಫೈಂಡರ್ ಆ ಸಣ್ಣ ಕ್ಯಾಮೆರಾಕ್ಕ ಇಲ್ಲ. ತೋಟದಾಗೂ ನಿಮಗ ಇದು ಕಾಡತದ.

ಗ್ಯಾದರಿಂಗ್ ವರ್ಷಕ್ಕ ಒಂದು ಸಂಜೆ. ಒಂದು ಸಂಜೆ ಸಲುವಾಗಿ ಕ್ಯಾಮೆರಾ ಬಾಡಿಗಿ ತರಲಿಕ್ಕೆ ಬರೂದಿಲ್ಲೇನು?

ದಾಳಿಂಬರಿ_ಬಾಗಲಕೋಟಿ (ಹೋಳಿ ಮುಗದ ಮ್ಯಾಲ):

ಭಾಳ ದಿನ ಆತು ಬರದಿಲ್ಲ, ಗಿಡಕ್ಕ ಹೂ ಬರೂ ಬಹಾರಿನ ಗಡಿಬಿಡಿ ಇತ್ತು.

ಮಾಸ್ತರ ಮಾತು ತಲ್ಯಾಗ ಕುಂತಿತು. ಟಿಜಿ-7 ತಗೊಂಡೆ. 2023ರಾಗ ಬಂದದ್ದು, ಚಾರ್ಜರ್ ಸಿ-ಪಿನ್ ಅನ್ನೂದು ಬಿಟ್ರ ಟಿಜಿ-6ಕ್ಕೂ ಇದಕ್ಕೂ ನನಗ ದೊಡ್ಡ ಫರಕ ಕಾಣಲಿಲ್ಲ. ಬಜೆಟ್ ದಾಟಿತು. ಎಷ್ಟು ದಾಟಿತು ಅಂತ ಮನ್ಯಾಗ ಹೇಳಿಲ್ಲ, ಹಂಗಾಗಿ ಇಲ್ಲೂ ಹೇಳೂದಿಲ್ಲ.

ಗ್ಯಾದರಿಂಗಿಗೆ ನಮ್ಮೂರ ಸ್ಟುಡಿಯೊದಿಂದ ಡಿಎಸ್‌ಎಲ್‌ಆರ್ ಮತ್ತ ಆ 50 ಎಂಎಂ ಲೆನ್ಸ್ ಒಂದ ದಿನದ ಬಾಡಿಗಿಗೆ ತಂದೆ. ಎಫ್ 2, ಶಟರ್ 1/250, ಐಎಸ್‌ಒ 3200. ಇನ್ನೂರು ಹೊಡದೆ, ಹನ್ನೊಂದು ಬಂದವು. ಆದ್ರ ಆ ಹನ್ನೊಂದು ನೋಡಿದ್ರ ಟಿಳಕವಾಡಿ ಅಣ್ಣ ಯಾಕ ಅಷ್ಟು ಜೋರ ಮಾಡಿದ್ರು ಅಂತ ತಿಳೀತು, ಜಡೀ ಹಾರಿದ್ದು ಹಾರಿದಂಗ ನಿಂತೈತಿ. ಮಗಳು ಎಲ್ಲಾ ನೋಡಿ "ಅಪ್ಪಾ, ನನ್ನ ಗೆಜ್ಜಿ ಕಾಲು ಎಲ್ಲಿ?" ಅಂದ್ಲು. ಎರಡನೇ ಸಾಲಿನಾಗ ಕುಂತಿದ್ದೆ, ಆ ಲೆನ್ಸು ಜೂಮ್ ಆಗೂದಿಲ್ಲ, ಮೊಳಕಾಲಿಗೆ ಎಲ್ಲಾ ಕಟ್ ಆಗಿತ್ತು. ಮುಂದಿನ ವರ್ಷ ಆರನೇ ಸಾಲು.

ಹೋಳಿ ಬಂಡಿ ಹತ್ತಿದೆ. ಮೊದಲ ತಾಸಿನ ಫೋಟೊ ಎಲ್ಲಾ ದಂಡ, ಲೆನ್ಸ್ ಮ್ಯಾಲ ಹನಿ ಕುಂತು ಅರ್ಧ ಮಂದಿ ಕರಗಿ ಹೋಗ್ಯಾರ. ಒರಸಾಕ ಒಣಾ ಬಟ್ಟಿ ಮೈಮ್ಯಾಲ ಎಲ್ಲೂ ಇಲ್ಲ. ಕಡೀಕ ಒಂದು ಉಪಾಯ ಸಿಕ್ತು: ಇನ್ನೊಮ್ಮೆ ಬ್ಯಾರಲ್ಲಿಗೆ ಅದ್ದಿ ಎತ್ತೂದು, ನೀರು ಪೂರ್ತಿ ಹರದು ಹೋಗತಿತ್ತು. ಚಲೋ ಬಂದದ್ದು ಬಂಡಿದಲ್ಲ. ತೊಯ್ದು ಸಡ್ಲಾದ, ಬಾರಸೂ ಹಲಗಿನ್ನ ಹುಡುಗ್ರು ಓಣಿ ಮೂಲ್ಯಾಗ ಹುಲ್ಲಿನ ಬೆಂಕಿಗೆ ಹಿಡದು ಕಾಸತಿದ್ರು. ಚರ್ಮದಿಂದ ಗುಲಾಬಿ ಬಣ್ಣದ ಹಬೆ ಏಳಾಕತ್ತಿತ್ತು. ಅದು.

ಇನ್ನ ಹುಳ. ಎರಡು ಸಲ ಥ್ರಿಪ್ಸ್ (ರಸ ಹೀರೂ ಸಣ್ಣ ಕೀಟ) ಅಂತ ತಿಳದು ಎಣ್ಣಿ ಹೊಡದಿದ್ದೆ, ಹೋಗಿರಲಿಲ್ಲ. ರಿಂಗ್ ಹಾಕಿ ಎಲಿ ಕೆಳಗ ಒಂದು ಸೆಂಟಿಮೀಟರಿಗೆ ಹಿಡದೆ. ಉಸರು ಬಿಟ್ರೂ ಎಲಿ ಅಲಗತಿತ್ತು, ಮಗಳ ಕೈಲೆ ಟೊಂಗಿ ಹಿಡಸಿದೆ. ಮನಿಗೆ ಬಂದು ಟಿವಿಗೆ ಹಚ್ಚಿ ನೋಡಿದ್ವಿ. ಕೆಂಪಗ, ದುಂಡಗ ಐತಿ. ಮಗಳು ಟಿವಿ ಹತ್ರ ಹೋಗಿ ಬೆರಳಿಟ್ಟು ಕಾಲು ಎಣಿಸಿದ್ಲು, ಎಂಟು. ಥ್ರಿಪ್ಸಿಗೆ ಆರ ಕಾಲು. ತಜ್ಞರಿಗೆ ಕಳಿಸಿದೆ, ಐದು ನಿಮಿಷಕ್ಕ ಉತ್ತರ ಬಂತು: "ಇದು ಕೆಂಪು ನುಸಿ. ನೀವು ಹೊಡದ ಔಷಧ ಇದಕ್ಕ ತಾಗೂದಿಲ್ಲ, ನುಸಿನಾಶಕ ಬ್ಯಾರೆ."

ಜಾಂಬೋಟಿ ಅಣ್ಣಾರ, ತೇಲೂ ಪಟ್ಟಿ ಮೊದಲ ತಗೊಂಡೆ, ನೀವು ಹೇಳಿದಂಗ. ಹೋದ ವಾರ ಹೊಂಡದಾಗ ಬಿತ್ತು. ಕೇಸರಿ ಬಣ್ಣದ ಪಟ್ಟಿ, ನಡುವ ತೇಲತಿತ್ತು. ಬಿದಿರ ಗಳಾ ತಂದು ಎಳಕೊಂಡೆ.